ನುಡಿ ತಂತ್ರಾಂಶ ನಮಗಿನ್ನೂ ಸಾಕೇ? ಗಡಿನಾಡಿನ ಬರಹದ ದೃಷ್ಟಿಯಿಂದ

ಕಾಸರಗೋಡಿನಲ್ಲಿ ಕನ್ನಡ ಪ್ರಬಂಧ ಟೈಪ್ ಮಾಡುವ ನಮ್ಮಲ್ಲಿ ಹಲವರು ಈಗಲೂ 'ನುಡಿ'ಯನ್ನೇ ತೆರೆಯುತ್ತೇವೆ. ಅದು ಇನ್ನೂ ಸಾಲುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಮೊದಲು ಸ್ವಲ್ಪ ಚರಿತ್ರೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ 'ನುಡಿ'ಯನ್ನು ರೂಪಿಸಿತು. ಅದರ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು: ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತಾಕ್ಷರ ಸಿದ್ಧ. ಉಚಿತವಾಗಿ ಸಿಕ್ಕಿದ್ದರಿಂದ ಡಿಟಿಪಿ ಅಂಗಡಿಗಳಿಗೂ ಹಬ್ಬಿತು.

ತೊಡಕಿರೋದು ಕೀಲಿಮಣೆಯಲ್ಲಲ್ಲ, ಸಂಕೇತದಲ್ಲಿ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕ' ಇದ್ದ ಕಡೆ ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ 'ಎ' ಕಾಣುತ್ತವೆ. ಕನ್ನಡ ಪದ ಹಾಕಿ ಹುಡುಕಿದರೆ ಸಿಗೋದಿಲ್ಲ. ಕರ್ನಾಟಕದೊಳಗಾದರೆ ಪಕ್ಕದ ಅಂಗಡಿಯಲ್ಲಿ ಆ ಫಾಂಟ್ ಇದ್ದೀತು. ಗಡಿಯಾಚೆ ಆ ಖಾತ್ರಿಯಿಲ್ಲ.

ಇನ್ನೊಂದು ವಿಷಯ. ನಮ್ಮ ಬರಹದಲ್ಲಿ ಕನ್ನಡದ ಸಾಲಿನೊಳಗೇ ಮಲಯಾಳಂ ಉದ್ಧರಣೆ ಬರುತ್ತದೆ, ಅಲ್ವಾ? ಯುನಿಕೋಡಿನಲ್ಲಿ 1991ರಿಂದಲೇ ಎರಡೂ ಲಿಪಿಗಳಿಗೆ ಪ್ರತ್ಯೇಕ ಸ್ಥಾನವಿದೆ. ಹಳೆಯ ಪದ್ಧತಿಯಲ್ಲಿ ಫಾಂಟ್ ತಪ್ಪಿದರೆ ಸಾಲೇ ಕೆಡುತ್ತದೆ.

ಹಾಗಾಗಿ ಒಮ್ಮೆ ಅಚ್ಚು ಹಾಕಿಸಲು ಹಳೆಯ ನುಡಿ ಸಾಕು, ಕಾಪಿಡಲು ಸಾಲದು. ಈಗಿನ ನುಡಿಯಲ್ಲಿ ಯುನಿಕೋಡೂ ಇದೆ. ಬೆರಳಿನ ಅಭ್ಯಾಸ ಬಿಡಬೇಕಾಗಿಲ್ಲ. ಇಲ್ಲಿನ ಹಳೆಯ ಪ್ರಬಂಧ, ಸ್ಮರಣ ಸಂಚಿಕೆಗಳ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ತಿದ್ದಿಡುವ ಕೆಲಸವನ್ನು ವಿಭಾಗವೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.