ಮಾವನ ಬಲೆ ಅಂಗಡಿ ಮತ್ತು ಪಾರ್ಸೆಲ್ಲಿನಲ್ಲಿ ಬಂದ ಗಾಗಲ್ಸ್

ಕಳೆದ ಸೆಪ್ಟೆಂಬರಿನಲ್ಲಿ ಊರಿಗೆ ಹೋದವನು ಸುಮ್ಮನೆ ಹರಟೆಗೆಂದು ಮಾವನ ಅಂಗಡಿಯಲ್ಲಿ ಕೂತಿದ್ದೆ. ಮಾವನದ್ದು ಬಲೆ ಅಂಗಡಿ. ನೈಲಾನ್ ಬಲೆ, ಹಗ್ಗ, ಬೆಂಡು, ಸೀಸದ ಗುಂಡು, ಗಾಳ, ದೋಣಿಗೆ ಬಳಿಯುವ ಬಣ್ಣ... ಅಂಗಡಿಯೊಳಗೆ ಕಾಲಿಟ್ಟರೆ ಹೊಸ ಹಗ್ಗದ್ದೇ ಒಂದು ವಾಸನೆ. ಕೆಲವು ವರ್ಷಗಳಿಂದ ನೀರಲ್ಲಿ ಮುಳುಗುವವರ ಮಾಸ್ಕ್ (ಕೊರೋನಾದ್ದಲ್ಲ ಮಾರಾಯ್ರೆ!), ಕಾಲಿಗೆ ಹಾಕುವ ಫಿನ್ ಕೂಡಾ ಇಟ್ಟಿದ್ದಾರೆ. ದೋಣಿಯ ಫ್ಯಾನಿಗೆ ಬಲೆಯೋ ಹಗ್ಗವೋ ಸುತ್ತಿಕೊಂಡರೆ ಯಾರಾದರೂ ಒಬ್ಬ ಕತ್ತಿ ಹಿಡಿದು ಕೆಳಗಿಳಿಯಲೇಬೇಕಲ್ಲ, ಅಂಥವರಿಗಾಗಿ.

ಅಷ್ಟೊತ್ತಿಗೆ ಪಕ್ಕದ ಮನೆ ಹುಡುಗ ಬಂದ. ಬೋಟಿಗೆ ಹೋಗುವವನು. ಎರಡೂ ಕಣ್ಣಿನ ಬಿಳಿ ಭಾಗ ದಾಸವಾಳದ ಹಾಗೆ ಕೆಂಪಾಗಿತ್ತು!

"ಎಂತ ಆಯ್ತಾ ಕಣ್ಣಿಗೆ?" ಅಂದ್ರು ಮಾವ.

ಹಿಂದಿನ ದಿನ ಫ್ಯಾನಿಗೆ ಸುತ್ತಿದ ಹಗ್ಗ ಕೊಯ್ಯಲು ಇಳಿದಿದ್ದನಂತೆ. ಮೊಬೈಲಿನಲ್ಲಿ ತರಿಸಿದ ಹೊಸ ಗಾಗಲ್ಸ್ ಹಾಕಿಕೊಂಡು. ಅಂಗಡಿಯ ಮಾಸ್ಕಿನ ಅರ್ಧಕ್ಕಿಂತ ಕಮ್ಮಿ ರೇಟು. ಮಾವ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು: "ಮೂಗ್ ಒಳಗಿರ್ಕ್ ಮಾರಾಯ!"

ವಿಷಯ ಇಷ್ಟೆ. ಈಜುಕೊಳದ ಗಾಗಲ್ಸ್ ಕಣ್ಣನ್ನು ಮಾತ್ರ ಮುಚ್ಚುತ್ತದೆ. ಕೆಳಗಿಳಿದಂತೆ ನೀರಿನ ಒತ್ತಡ ಏರುತ್ತದೆ. ಹತ್ತು ಮೀಟರ್ ಆಳಕ್ಕೆ ಹೋದರೆ ಮೇಲಿನ ಎರಡರಷ್ಟು. ಗಾಜಿನ ಹಿಂದಿನ ಗಾಳಿ ಕುಗ್ಗಿ ಕಣ್ಣನ್ನೇ ಹೊರಗೆ ಎಳೆಯುತ್ತದೆ, ಸಣ್ಣ ರಕ್ತನಾಳಗಳು ಒಡೆಯುತ್ತವೆ. ಮಾಸ್ಕಿನಲ್ಲಿ ಮೂಗೂ ಒಳಗೇ ಇರುವುದರಿಂದ ಮೂಗಿನಿಂದ ಚೂರು ಗಾಳಿ ಬಿಟ್ಟರೆ ಒತ್ತಡ ಸರಿಹೋಗುತ್ತದೆ. ಹುಡುಗನ ಪುಣ್ಯ, ಜಾಸ್ತಿ ಆಳಕ್ಕೆ ಹೋಗಿರಲಿಲ್ಲ. ಎರಡು ವಾರದಲ್ಲಿ ಕಣ್ಣು ಸರಿಯಾಯಿತು ಅಂತ ಆಮೇಲೆ ಫೋನಿನಲ್ಲಿ ಗೊತ್ತಾಯಿತು.

ಅವನು ಹೋದ ಮೇಲೆ ಮಾವ ನಿಧಾನಕ್ಕೆ ಹೇಳಿದರು, "ಈ ವರ್ಷ ಒಂದ್ ಕಾಂತೆ. ಮತ್ತೆ ಅಂಗಡಿ ಮುಚ್ತೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ದೂರದ ಅಂಗಡಿ ಹತ್ತಿರದ ಅಂಗಡಿಯ ಹೊಟ್ಟೆಗೆ ಹೊಡೆಯುವುದು ನಮ್ಮ ಕಡೆ ಇದೇ ಮೊದಲಾ? ಯೋಚಿಸಿದರೆ, ಅಲ್ಲ.

ಕುಂದಾಪುರದ ಪಕ್ಕದ ಬಸ್ರೂರನ್ನೇ ನೋಡಿ. ಪೋರ್ಚುಗೀಸರ ಬಾಯಲ್ಲಿ ಅದು ಬಾರ್ಸೆಲೋರ್. ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದ ಬಂದರು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಕೊಳ್ಳೆ ಹೊಡೆಯುವಷ್ಟು ಸಂಪತ್ತು ಅಲ್ಲಿತ್ತು. ಈಗ ಹೋದರೆ ಮೂಡುಕೇರಿ, ವಿಲಾಸಕೇರಿ ಅಂತ ಕೇರಿಗಳ ಹೆಸರು ಉಳಿದಿದೆ, ದೇವಸ್ಥಾನಗಳಿವೆ, ಹಡಗಿಲ್ಲ. ವ್ಯಾಪಾರ ಬೇರೆ ದಾರಿ ಹಿಡಿದಾಗ ಪೇಟೆಯೂ ಅದರ ಹಿಂದೆ ಹೋಗುತ್ತದೆ.

ಇನ್ನು ಮನೆ ಬಾಗಿಲಿಗೆ ಸಾಮಾನು ಬಂದ ಮೇಲೆ ದುಡ್ಡು ಕೊಡುವುದು. 'ಕ್ಯಾಶ್ ಆನ್ ಡೆಲಿವರಿ' ಅಂತ ಈಗ ನಾವೆಲ್ಲ ಹೇಳುತ್ತೇವಲ್ಲ, ಅದರ ಅಜ್ಜ ವಿ.ಪಿ.ಪಿ. ನಮ್ಮ ದೇಶದ ಅಂಚೆಯಲ್ಲಿ ಅದು ಶುರುವಾದದ್ದು 1877ರಲ್ಲಿ! ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಸಾಕು, ಪುಸ್ತಕ, ಔಷಧಿ, ಗಡಿಯಾರ ಪೋಸ್ಟ್‌ಮ್ಯಾನ್ ಕೈಯಲ್ಲಿ ಬರುತ್ತಿತ್ತು. ದುಡ್ಡು ಕೊಟ್ಟರೆ ಮಾತ್ರ ಪಾರ್ಸೆಲ್ ಕೈಗೆ. 1972ರಲ್ಲಿ ಪಿನ್ ಕೋಡ್ ಬಂತು. ಕಾಗದ ವಿಂಗಡಿಸಲು ಮಾಡಿದ ಆ ಆರು ಅಂಕಿಯನ್ನೇ ಈಗ ಮೊಬೈಲ್ ಕೇಳುತ್ತದೆ. 576ರಿಂದ ಶುರುವಾಗುವ ನಂಬರ್ ಒತ್ತಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲ ಒಂದೇ ಲೆಕ್ಕ.

ಮನೆ ಬಾಗಿಲಿಗೆ ಬರುವ ಉಪಾಯದಲ್ಲಿ ನಮ್ಮ ಜಿಲ್ಲೆಯವರೇನೂ ಕಮ್ಮಿಯಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಏಜೆಂಟರೇ ಬಂದು ತಗೊಂಡು ಹೋಗುವುದು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಾವನಂಥ ಅಂಗಡಿಯವರು ಎಷ್ಟೋ ಜನ ಬಂಡವಾಳ ಕೂಡಿಸಿದ್ದು ಹೀಗೆ ಪಿಗ್ಮಿ ಕಟ್ಟಿಯೇ.

ಆಮೇಲೆ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಮುಂಬಯಿ ಹತ್ತಿರವಾಯಿತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಶುರು ಮಾಡಿತು. 2010ರಲ್ಲಿ ಅದು ಸಾಮಾನು ಬಂದ ಮೇಲೆ ದುಡ್ಡು ತಗೊಳ್ಳುವ ಕ್ರಮ ತಂದಿತು, 2013ರಲ್ಲಿ ಅಮೆಜಾನ್ ಇಲ್ಲಿಗೆ ಬಂತು.

ಇಲ್ಲಿಯವರೆಗೆ ಮಾವನ ಪರವಾಗಿ ವಾದ ಕಟ್ಟುತ್ತಾ ಬಂದೆ. ಆದರೆ ಅಜ್ಜಿ ನೆನಪಾದರು. ಅಲ್ಲಿ ನನ್ನ ವಾದ ನಿಂತಿತು.

ಅಜ್ಜಿಯ ಕಾಲದಲ್ಲಿ ಬಲೆ ಅಂಗಡಿಯಲ್ಲಿ ಸಿಗುವ ವಸ್ತು ಆಗಿರಲಿಲ್ಲ. ಹತ್ತಿಯ, ಸೆಣಬಿನ ನೂಲು ತಂದು ಮನೆ ಜಗಲಿಯಲ್ಲಿ ಕೂತು ಹೆಣೆಯುವುದು. ಬಲೆ ಕೊಳೆಯದಿರಲಿ ಅಂತ ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದುವುದು, ಒಣಗಿಸುವುದು. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿಯೂ ಇಂಥ ನೂಲಿನದ್ದೇ. ನೈಲಾನ್ ಬಂತು. ಕೊಳೆಯುವುದಿಲ್ಲ, ಅದ್ದುವ ಕೆಲಸವಿಲ್ಲ, ಯಂತ್ರದಲ್ಲೇ ಹೆಣೆದು ಬರುತ್ತದೆ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು, ಜಗಳವೂ ಆಯಿತು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಅಜ್ಜಿಯ ಕೈಕೆಲಸ ನಿಂತದ್ದು ಯಾರಿಂದ? ಮಾವನ ಅಂಗಡಿಯಂಥ ಅಂಗಡಿಗಳಿಂದಲೇ! ಹೆಣೆಯುವವರಿಗೆ ಆವತ್ತು ಬಲೆ ಅಂಗಡಿಯೇ 'ಆನ್‌ಲೈನ್' ಆಗಿತ್ತು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಗಂಗೊಳ್ಳಿ, ಉಪ್ಪುಂದ, ಹಂಗಾರಕಟ್ಟೆ ಕಡೆಯವರು ಮಾವನಲ್ಲಿಗೆ ಬರುತ್ತಿದ್ದುದು ಬಲೆ ಚೆಂದ ಅಂತ ಮಾತ್ರ ಅಲ್ಲ, ಉದ್ರಿ ಸಿಗುತ್ತದೆ ಅಂತ. ಈಗ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟಿಗೆ ಬಲೆ ಬೇಕು, ಕೈಯಲ್ಲಿ ಕಾಸಿಲ್ಲ. ಮೀನು ಸಿಕ್ಕಿದ ಮೇಲೆ ಕೊಡುವುದು. ಮೊಬೈಲಿಗೆ ಈ ಮುಖದ ಪರಿಚಯ ಇಲ್ಲ, ಸರಿ. ಆದರೆ ಆ ಉದ್ರಿಯ ರೇಟು ನಗದಿನ ರೇಟಿಗಿಂತ ಮೇಲಿತ್ತು. ಬಾಕಿ ಇಟ್ಟವನು ಬೇರೆ ಅಂಗಡಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಮಾವನ ಕೆಂಪು ಪುಸ್ತಕದಲ್ಲಿ ಪ್ರೀತಿಯೂ ಇತ್ತು, ಬಡ್ಡಿಯೂ ಇತ್ತು. ಮೊಬೈಲಿನಲ್ಲಿ ರೇಟು ನೋಡಿ ಹುಡುಗ ಒಂದು ಸಲ ಸ್ವತಂತ್ರನಾದ ಅನ್ನುವುದೂ ಸುಳ್ಳಲ್ಲ.

ಹಾಗಾದರೆ ಉಳಿಯುವುದು ಏನು?

ಗಂಗೊಳ್ಳಿ ಬಂದರಿಗೋ ಮಲ್ಪೆಗೋ ಹೋಗಿ ನೋಡಿ. ಬಲೆ ಹೆಣೆಯುವವರು ಕಾಣುವುದಿಲ್ಲ, ಆದರೆ ಹರಿದ ಬಲೆಯನ್ನು ಕೈಯಲ್ಲೇ ಸರಿ ಮಾಡುತ್ತಾ ಕೂತವರು ಈಗಲೂ ಇದ್ದಾರೆ. ಹೆಣಿಗೆ ಹೋಯಿತು, ತೇಪೆ ಉಳಿಯಿತು. ಮತ್ತು ಅದಕ್ಕೆ ಸಂಬಳ ಇದೆ.

ಬೈಂದೂರು ದಾಟಿ, ಶಿರೂರು, ಭಟ್ಕಳ ಕಳೆದರೆ ಮುರ್ಡೇಶ್ವರ. ಅಲ್ಲಿಂದ ಸುಮಾರು 19 ಕಿ.ಮೀ. ಸಮುದ್ರದೊಳಗೆ ನೇತ್ರಾಣಿ ದ್ವೀಪ. ಸ್ಕೂಬಾ ಡೈವಿಂಗ್ ಮಾಡಿಸುವವರು ಅಲ್ಲಿದ್ದಾರೆ. ಹಿಂದೊಮ್ಮೆ ಹೋದಾಗ ಅವರಲ್ಲೊಬ್ಬರನ್ನು, ಆನ್‌ಲೈನಿನಿಂದ ನಿಮಗೆ ತೊಂದರೆ ಇಲ್ಲವಾ ಅಂತ ಕೇಳಿದ್ದೆ. ನಕ್ಕರು. "ಮಾಸ್ಕು, ಫಿನ್ನು ತರಿಸಿಕೊಳ್ಳಲಿ ಸಾರ್. ಗಾಳಿ ತರಿಸಿಕೊಳ್ಳಲಿಕ್ಕೆ ಆಗ್ತದಾ?" ನಿಜ. ಸಿಲಿಂಡರಿನೊಳಗೆ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಬೇಕು, ಕಾರಿನ ಟಯರಿನ ನೂರರಷ್ಟು ಹತ್ತಿರ. ಸಿಲಿಂಡರಿಗೆ ಕೆಲವು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು, ಉಸಿರಾಡುವ ರೆಗ್ಯುಲೇಟರನ್ನು ಬಿಚ್ಚಿ ಸರ್ವಿಸ್ ಮಾಡಬೇಕು. ಮಾಸ್ಕ್ ಮುಖಕ್ಕೆ ಕೂರುತ್ತದಾ ಅಂತ ನೋಡಲು ಪಟ್ಟಿ ಹಾಕದೆ ಒತ್ತಿಟ್ಟು ಮೂಗಿನಿಂದ ಉಸಿರೆಳೆಯಬೇಕು, ಬೀಳದೆ ನಿಂತರೆ ಸರಿ. ಇವು ಯಾವುದೂ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಮತ್ತು ಗಾಳಿ ತುಂಬುವುದಕ್ಕೆ, ಸರ್ವಿಸಿಗೆ, ಕಲಿಸುವುದಕ್ಕೆ ಎಲ್ಲದಕ್ಕೂ ಅವರು ದುಡ್ಡು ತಗೊಳ್ಳುತ್ತಾರೆ.

ಮಾವ ಎಡವಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಯಾವ ಬಲೆಗೆ ಯಾವ ಬೆಂಡು, ಯಾವ ಮೀನಿಗೆ ಎಷ್ಟು ದೊಡ್ಡ ಕಣ್ಣಿನ ಬಲೆ, ಹಗ್ಗ ಎಲ್ಲಿ ಸವೆಯುತ್ತದೆ, ಎಲ್ಲವನ್ನೂ ಪುಕ್ಕಟೆ ಹೇಳಿ, ಆ ದುಡಿಮೆಯನ್ನು ಸಾಮಾನಿನ ರೇಟಿನೊಳಗೆ ಅಡಗಿಸಿಟ್ಟರು. ಜನ ಇಲ್ಲಿ ಕೇಳಿ ಅಲ್ಲಿ ತರಿಸಿದರು. ರೇಟಿನ ಜಗಳದಲ್ಲಿ ಮಾವ ಗೆಲ್ಲುವುದಿಲ್ಲ. ಗೊತ್ತಿರುವುದನ್ನು ಮಾರಿದರೆ ಬದುಕಬಹುದು.

ದೀಪಾವಳಿಗೆ ಹೋದಾಗ ಇದನ್ನೇ ಹೇಳಿದೆ. ಬಲೆ ರಿಪೇರಿ, ಮಾಸ್ಕ್ ನೋಡಿ ಕೊಡುವುದು, ಬೇರೆ ಕಡೆ ತರಿಸಿದ್ದನ್ನೂ ಪರೀಕ್ಷೆ ಮಾಡಿ ಹೇಳುವುದು, ಇದಕ್ಕೆಲ್ಲ ಇಂತಿಷ್ಟು ಅಂತ ಬೋರ್ಡು ಹಾಕಿ ಅಂತ.

ಮಾವನಿಗೆ ಸಿಟ್ಟು ಬಂತು. "ಹೇಳಿದ್ದಕ್ಕೂ ದುಡ್ಡ್ ತಕಂಬುದಾ ಮಾರಾಯ? ನಾಳೆ ಆ ಗಂಡಿನ್ ಕಣ್ಣ್ ಹೋದ್ರೆ?"

ಉತ್ತರ ನನ್ನಲ್ಲಿರಲಿಲ್ಲ. ದುಡ್ಡು ಕೇಳಿದರೆ ಹುಡುಗ ಬರುವುದಿಲ್ಲ, ಕೇಳದಿದ್ದರೆ ಅಂಗಡಿಯೇ ಇರುವುದಿಲ್ಲ. ಎರಡರಲ್ಲೂ ಅವನ ಕಣ್ಣಿಗೇ ಅಪಾಯ.

ಕೊನೆಗೆ ಆದದ್ದು ಇಷ್ಟು. ಅಂಗಡಿ ಸದ್ಯ ಮುಚ್ಚಿಲ್ಲ. ಬಲೆ ರಿಪೇರಿಗೆ ರೇಟು ಬರೆದ ಬೋರ್ಡು ಬಂದಿದೆ. ಮಾಸ್ಕ್ ನೋಡಿ ಹೇಳುವುದು ಮಾತ್ರ ಪುಕ್ಕಟೆ, ಎಲ್ಲಿಂದ ತರಿಸಿದ್ದಾದರೂ ಅಡ್ಡಿಯಿಲ್ಲ. ಆ ಹುಡುಗ ಮೊನ್ನೆ ಇನ್ನೊಂದು ಪಾರ್ಸೆಲ್ ಹಿಡಿದು ಬಂದನಂತೆ, ಒಡೆಯುವ ಮುಂಚೆಯೇ.

ನಿಮ್ಮೂರಲ್ಲೂ ಇಂಥ ಅಂಗಡಿ ಇದ್ದರೆ, ಅಲ್ಲಿ ಏನು ಉಳಿದಿದೆ, ಏನು ಹೋಗಿದೆ, ಬರೆಯಿರಿ. ಓದುತ್ತೇನೆ.