ಕುತ್ತಿಗೆಯ ಗಂಟು ಮತ್ತು ಅಡ್ರಿನಲ್ ಗ್ರಂಥಿ: ಕಟಕೋಳದ ನೆಲೆಯಿಂದ ಒಂದು ವಿಚಾರ

ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹಾಗೆಂದು ರಾಮದುರ್ಗ ತಾಲೂಕಿನ ಕಟಕೋಳದಂಥ ಊರಿನಲ್ಲಿ ಗಂಟನ್ನು ವರ್ಷಗಟ್ಟಲೆ ಹಾಗೇ ಬಿಡುವುದು ಸಲ್ಲದು. ಶಿಬಿರ ಹೂಡಿ ಎಲ್ಲರ ಕುತ್ತಿಗೆಗೂ ಸ್ಕ್ಯಾನಿಂಗ್ ಮಾಡುವುದೂ ಸಲ್ಲದು. ದಕ್ಷಿಣ ಕೊರಿಯಾದಲ್ಲಿ ಇಂಥ ತಪಾಸಣೆ ಹಬ್ಬಿದ ಮೇಲೆ, 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ಕ್ಕೆ ಹೋಲಿಸಿದರೆ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಉಳಿಯಿತು. ಎಂದೂ ತೊಂದರೆ ಕೊಡದಿದ್ದ ಗಂಟಿಗಾಗಿ ಗ್ರಂಥಿಯನ್ನೇ ಕಳೆದುಕೊಂಡು ಎಷ್ಟೋ ಜನ ಜೀವಮಾನವಿಡೀ ಮಾತ್ರೆ ನುಂಗುವಂತಾಯಿತು.

ಕೈಗೆ ಸಿಗುವ ಗಂಟಿಗೆ ಅಲ್ಟ್ರಾಸೌಂಡ್, ಸಂಶಯ ಬಂದರೆ ಸೂಜಿ ಪರೀಕ್ಷೆ: ಕ್ರಮ ಇಷ್ಟೇ. ತೆಳು ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿದಾಗ ಥೈರಾಯ್ಡ್ ಕ್ಯಾನ್ಸರಿನ ಪ್ಯಾಪಿಲರಿ ಬಗೆಯ ಕೋಶಕೇಂದ್ರಗಳು ಮಂಕಾಗಿ, ನಡುವೆ ಗೀರು ಬಿದ್ದಂತೆ ಕಾಣುತ್ತವೆ. ಫಾಲಿಕ್ಯುಲರ್ ಬಗೆ ಹೀಗೆ ಸಿಕ್ಕಿಬೀಳುವುದಿಲ್ಲ. ಅದು ಗಂಟಿನ ಹೊದಿಕೆಯನ್ನು ಸೀಳಿದೆಯೇ ಎಂಬುದು ಗಂಟು ತೆಗೆದ ಮೇಲೆಯೇ ಗೊತ್ತಾಗುವುದು.

ನನ್ನ ಮಟ್ಟಿಗೆ ಹೆಚ್ಚು ಕಳವಳದ ಸಂಗತಿ ಥೈರಾಯ್ಡಿನದೇ ಇನ್ನೊಂದು ಬಗೆಯಾದ ಮೆಡುಲರಿ ಕ್ಯಾನ್ಸರ್. ಸುಮಾರು ಕಾಲು ಭಾಗ ರೋಗಿಗಳಲ್ಲಿ ಇದು ಮನೆತನದಿಂದ ಬಂದದ್ದು. ಇದಕ್ಕೆ ಕಾರಣವಾದ ಆರ್‌ಇಟಿ ವಂಶವಾಹಿಯ ದೋಷ 1993ರಲ್ಲಿ ಪತ್ತೆಯಾಯಿತು. ತಂದೆ ಅಥವಾ ತಾಯಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡ 50. ಇದೇ ದೋಷ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆ ಎಬ್ಬಿಸಬಹುದು. ತಲೆನೋವು, ಬೆವರು, ಎದೆಬಡಿತ, ಏಕಾಏಕಿ ಏರುವ ಬಿ.ಪಿ. ಅದರ ಲಕ್ಷಣಗಳು, ಇದನ್ನೆಲ್ಲ ಗಾಬರಿ, ಪಿತ್ತ ಎಂದುಕೊಂಡು ಸುಮ್ಮನಿರುವವರೇ ಹೆಚ್ಚು. ಗಡ್ಡೆಯ ಸುಳಿವಿಲ್ಲದೆ ಕುತ್ತಿಗೆಯ ಆಪರೇಷನ್‌ಗೆ ಅರಿವಳಿಕೆ ಕೊಟ್ಟರೆ ಬಿ.ಪಿ. ಪ್ರಾಣಕ್ಕೇ ಎರವಾಗುವಷ್ಟು ಏರಬಹುದು. ಆದ್ದರಿಂದ ಮೊದಲು ರಕ್ತ ಇಲ್ಲವೇ ಮೂತ್ರದಲ್ಲಿ ಈ ಗಡ್ಡೆಯ ಸುಳಿವು ಕೊಡುವ ಮೆಟನೆಫ್ರಿನ್ ಪರೀಕ್ಷೆಯಾಗಬೇಕು. ಗಡ್ಡೆ ಇದ್ದರೆ ಬಿ.ಪಿ. ಹತೋಟಿಗೆ ಆಲ್ಫಾ ತಡೆ ಔಷಧಿ ಕೊಟ್ಟು, ಮೊದಲು ಅಡ್ರಿನಲ್, ಆಮೇಲೆ ಥೈರಾಯ್ಡ್. ಅಡ್ರಿನಲ್ ಹೊರಪದರದ ಕ್ಯಾನ್ಸರ್ ಬೇರೆಯೇ ರೋಗ. ಅದು ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವಂಥದ್ದು. ಪೂರ್ತಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ.

ಕಟಕೋಳದವರು ಇಂಥ ಚಿಕಿತ್ಸೆಗೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಮೊದಲಿನಿಂದ ಇದೆ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮೆಡುಲರಿ ಎಂದು ತಿಳಿದ ರೋಗಿಗೆ ಆರ್‌ಇಟಿ ಪರೀಕ್ಷೆ ಮಾಡಿಸಬೇಕು. ದೋಷ ಖಚಿತವಾದರೆ ಮಕ್ಕಳು, ಒಡಹುಟ್ಟಿದವರಿಗೂ ಅದೇ ಪರೀಕ್ಷೆ ಆಗಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಬೇಕು, ಆಶಾ ಕಾರ್ಯಕರ್ತೆಗೂ ತಿಳಿಸಬೇಕು. ದೋಷದ ಕೆಲವು ಬಗೆಗಳಲ್ಲಿ ಮಗುವಿಗೆ ಐದು ವರ್ಷ ತುಂಬುವುದರೊಳಗೇ ಥೈರಾಯ್ಡ್ ಗ್ರಂಥಿ ತೆಗೆಯಬೇಕಾಗುತ್ತದೆ.