ಕ್ವಾರ್ಟರ್ಸ್‌ನಿಂದ ಕಂತಿನ ಮನೆಗೆ

ಜಾಲಹಳ್ಳಿಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ನಿಮ್ಮಲ್ಲಿ ಬಹುಮಂದಿಯ ವಿಳಾಸ ಎಚ್‌ಎಂಟಿ ಕಾಲೋನಿ, ಇಲ್ಲವೇ ಬಿಇಎಲ್ ಕಾಲೋನಿ. ಆ ಮನೆಗಳು ಯಾರ ಸ್ವತ್ತು ಎಂದು ನೀವು ಅಂದು ಕೇಳಿದವರಲ್ಲ. ಅದು ಕೇಳುವ ವಯಸ್ಸೂ ಅಲ್ಲ. ಇಂದು ಗೃಹಸಾಲದ ಕಂತು ಕಟ್ಟುತ್ತಿರುವ ನಿಮಗೆ ಆ ಪ್ರಶ್ನೆಯ ಚರಿತ್ರೆಯನ್ನು ಹೇಳಬೇಕೆನಿಸಿದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಪುಟವೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಸೇನೆಯ ಆಸ್ಪತ್ರೆಯಿತ್ತು. ಸ್ವಾತಂತ್ರ್ಯಾನಂತರ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಸ್ಥಾಪನೆಯಾಗಿ ಇಲ್ಲಿ ನೆಲೆಯೂರಿದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆಯೂ ಬಂದಿತು. ಊರು ದೂರ; ಆದಕಾರಣ ಕಾರ್ಖಾನೆಯವರೇ ನೌಕರರಿಗೆ ಮನೆ ಕಟ್ಟಿಸಿದರು. ಸಂಬಳದಲ್ಲಿ ಅಲ್ಪ ಬಾಡಿಗೆ ಕಡಿತವಾಗುತ್ತಿತ್ತು. ನಲ್ಲಿ ಸೋರಿದರೆ ದೂರು ಪುಸ್ತಕದಲ್ಲಿ ಬರೆದರಾಯಿತು, ವಾಷರ್ ಹಾಕಲು ಆಳು ಬರುತ್ತಿದ್ದ. ಸುಣ್ಣ ಬಳಿಯುವ ಚಿಂತೆಯಿಲ್ಲ, ಕಂದಾಯದ ಚಿಂತೆಯಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಜನರಿಗೆ ಅಷ್ಟು ನಿಶ್ಚಿಂತೆಯ ವಸತಿ ಮತ್ತೆ ಸಿಗಲಿಲ್ಲವೆಂದೇ ನನ್ನ ಭಾವನೆ.

ಆದರೆ ಆ ನಿಶ್ಚಿಂತೆಗೆ ಒಂದು ಗಡುವಿತ್ತು. ನಿವೃತ್ತಿಯಾದವರು ಕೀಲಿಕೈ ಒಪ್ಪಿಸಿ ಹೊರಡಬೇಕು. ಮೂವತ್ತು ವರ್ಷ ಕೊಟ್ಟ ಬಾಡಿಗೆಯಿಂದ ಒಂದು ಇಟ್ಟಿಗೆಯೂ ಅವರದಾಗುತ್ತಿರಲಿಲ್ಲ. ಅದನ್ನು ಮೊದಲೇ ಅರಿತವರು ನೌಕರರ ಗೃಹನಿರ್ಮಾಣ ಸಹಕಾರ ಸಂಘಗಳಿಗೆ ಸದಸ್ಯರಾಗಿ, ಭವಿಷ್ಯನಿಧಿಯಿಂದ ಹಣ ತೆಗೆದು ನಿವೇಶನ ಮಾಡಿಕೊಂಡರು. ವಿದ್ಯಾರಣ್ಯಪುರದ ಬಿಇಎಲ್ ಲೇಔಟ್ ಎಂಬ ಹೆಸರಿನ ಹಿಂದಿರುವುದು ಇದೇ ಕಥೆ.

ಅಷ್ಟು ಹಣವನ್ನು ಒಮ್ಮೆಗೇ ಹೊಂದಿಸಲಾಗದವರಿಗೆ ಇದ್ದ ದಾರಿ ಗೃಹಮಂಡಳಿ. 1962ರ ಕಾಯ್ದೆಯ ಮೇರೆಗೆ ರೂಪುಗೊಂಡ ಮಂಡಳಿಯು ಆದಾಯಕ್ಕೆ ತಕ್ಕಂತೆ ಎಲ್‌ಐಜಿ, ಎಂಐಜಿ, ಎಚ್‌ಐಜಿ ಎಂದು ಮನೆಗಳನ್ನು ವಿಂಗಡಿಸಿ ಕಟ್ಟಿತು. 1970ರಲ್ಲಿ ಕೇಂದ್ರ ಸರ್ಕಾರ ಹುಡ್ಕೊ ಸಂಸ್ಥೆಯನ್ನು ಆರಂಭಿಸಿದ ಮೇಲೆ ಇಂಥ ಯೋಜನೆಗಳಿಗೆ ಸಾಲದ ಒರತೆ ದೊರೆಯಿತು. ನಮ್ಮ ಕಡೆ ಯಲಹಂಕ ಉಪನಗರ ಬೆಳೆದದ್ದು ಮಂಡಳಿಯಿಂದಲೇ. ಹೀಗೆ 'ಎಲ್‌ಐಜಿ' ಎಂಬ ಮೂರಕ್ಷರ ಬೆಂಗಳೂರಿನ ಕನ್ನಡದಲ್ಲಿ ಒಂದು ಮನೆಯ ಹೆಸರೇ ಆಗಿಹೋಯಿತು. ಅದರ ವಿಸ್ತರಣೆ ಹೇಳಬಲ್ಲವರು ಕಡಿಮೆ, ಅದರೊಳಗೆ ಬಾಳಿದವರು ಹೆಚ್ಚು!

ಕೀಲಿಕೈ ಸಿಕ್ಕ ದಿನ ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿದರೂ ಕಾನೂನಿನ ದೃಷ್ಟಿಯಲ್ಲಿ ಮನೆ ಅಂದಿಗೆ ನಮ್ಮದಾಗುತ್ತಿರಲಿಲ್ಲ. ಹಂಚಿಕೆ ಪತ್ರದ ನಂತರ ಆಗುತ್ತಿದ್ದುದು 'ಲೀಸ್ ಕಂ ಸೇಲ್' ಕರಾರು. ಅಂದರೆ ಕಂತು ತೀರುವವರೆಗೆ ನಾವು ಒಂದು ಬಗೆಯ ಗುತ್ತಿಗೆದಾರರು. ಎಲ್ಲ ಕಂತು ತೀರಿಸಿ, ಷರತ್ತುಗಳನ್ನು ಪಾಲಿಸಿ, ಶುದ್ಧ ಕ್ರಯಪತ್ರವನ್ನು ನೋಂದಾಯಿಸಿಕೊಂಡು, ಖಾತೆ ಮಾಡಿಸಿಕೊಂಡ ಮೇಲೆಯೇ ಒಡೆತನ ಪೂರ್ಣ. ಈ ಕೊನೆಯ ಹೆಜ್ಜೆಯನ್ನು ಇಡದೆ ಬಿಟ್ಟವರು ಎಷ್ಟೋ ಜನ. ನನ್ನ ಶಿಷ್ಯನೊಬ್ಬನ ತಂದೆ ಒಂದು ಕಂತನ್ನೂ ತಪ್ಪಿಸದೆ ಕಟ್ಟಿ, ರಸೀದಿಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟಿದ್ದರು. ಹಣ ತೀರಿತಲ್ಲ, ಇನ್ನೇನು ಎಂಬ ನೆಮ್ಮದಿಯಲ್ಲಿ ಕ್ರಯಪತ್ರ ಮಾಡಿಸಿಕೊಳ್ಳದೆಯೇ ತೀರಿಕೊಂಡರು. ಆಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಬೇರೆ ಬೇರೆ ಊರುಗಳಲ್ಲಿದ್ದ ಮೂವರು ಮಕ್ಕಳ ಒಪ್ಪಿಗೆ... ಆ ಡಬ್ಬವನ್ನು ಹಿಡಿದು ಅವನು ಅಲೆದದ್ದನ್ನು ನಾನು ಕಂಡಿದ್ದೇನೆ. ಕಡೆಗೆ ಕೆಲಸವಾದದ್ದು ಆ ರಸೀದಿಗಳು ಉಳಿದಿದ್ದರಿಂದಲೇ.

ಇನ್ನು ಮನೆಯ ಪಾಲನೆ. ಎಲ್‌ಐಜಿ ಮನೆಯೆಂದರೆ ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಸಂಸಾರ ಬೆಳೆದಂತೆ ಮನೆಯೂ ಬೆಳೆಯಬೇಕು. ಮೊದಲು ಹಿತ್ತಲಿಗೆ ಶೀಟು, ಅನಂತರ ಹೊರಗಿನಿಂದ ಮೆಟ್ಟಿಲು, ಮಗನ ಮದುವೆಯ ಹೊತ್ತಿಗೆ ಮೇಲೊಂದು ಕೋಣೆ. ಒಂದು ಮಹಡಿಗೆಂದು ಹಾಕಿದ ಪಾಯದ ಮೇಲೆ ಮೂರು ಮಹಡಿ ಏರಿಸಿದವರನ್ನು ಕಂಡು ನನಗೆ ದಿಗಿಲಾಗಿದೆ. ಕ್ವಾರ್ಟರ್ಸ್‌ನಲ್ಲಿ ದೂರು ಪುಸ್ತಕದಿಂದ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಮೇಸ್ತ್ರಿಯ ಮನೆಗೆ ನಾಲ್ಕು ಸಲ ಅಲೆಯಬೇಕು. ಮಳೆಗಾಲಕ್ಕೆ ಮುನ್ನ ತಾರಸಿಯ ಬಿರುಕು ನೋಡುವುದು, ನೀರು ಹೋಗುವ ಕೊಳವೆಯ ಬಾಯಿಂದ ಎಲೆ ತೆಗೆಯುವುದು, ಸಂಪು ತೊಳೆಸುವುದು: ಕಂತಿಗೆ ಕೊನೆಯುಂಟು, ಈ ಖರ್ಚಿಗೆ ಇಲ್ಲ. ಸಾಲ ಲೆಕ್ಕ ಹಾಕುವಾಗ ನಮ್ಮವರು ಇದನ್ನು ಸೇರಿಸಿದ್ದು ನಾನು ಕಂಡಿಲ್ಲ.

ಆದರೂ ಒಡೆತನದ ಬೆಲೆ ಎಂಥದೆಂದು ಕಾಲವೇ ತೋರಿಸಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ನಿಮ್ಮ ಅಪ್ಪಂದಿರು ಜೋಡಿಸಿದ ಗಡಿಯಾರಗಳು ಗಾಜಿನೊಳಗಿವೆ, ಹೋಗಿ ನೋಡಿ. 2024ರಲ್ಲಿ ರಾಜ್ಯದ ಅರಣ್ಯ ಇಲಾಖೆ ಎಚ್‌ಎಂಟಿ ವಶದಲ್ಲಿರುವ ಜಮೀನು ಪೀಣ್ಯ ಪ್ಲಾಂಟೇಶನ್ ಅರಣ್ಯಕ್ಕೆ ಸೇರಿದ್ದೆಂದು ವಾದ ಹೂಡಿತು. ಮನೆ ಕೊಟ್ಟ ಒಡೆಯನ ನೆಲದ ಒಡೆತನವೇ ಪ್ರಶ್ನೆಯಾದಾಗ, ಆ ಕ್ವಾರ್ಟರ್ಸ್‌ನಲ್ಲಿ ಬಾಳಿದವರಿಗೆ ಹೇಗಾಗಿರಬೇಡ! ಅತ್ತ, ಶೀಟಿನ ಹಿತ್ತಲಿನ ಎಲ್‌ಐಜಿ ಮನೆಯವರು ಮೊಮ್ಮಕ್ಕಳೊಂದಿಗೆ ಅಲ್ಲೇ ಇದ್ದಾರೆ.

ಈಗ ಕಾಲ ಮತ್ತೊಂದು ಹೊರಳಿಗೆ ಬಂದಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನ ಪಡೆದು ನಿಮ್ಮಲ್ಲಿ ಕೆಲವರು ಫ್ಲಾಟು ಕೊಂಡಿದ್ದೀರಿ. ಅಲ್ಲಿ ನೆಲ ಯಾರೊಬ್ಬರದೂ ಅಲ್ಲ, ಅವಿಭಾಜ್ಯ ಪಾಲು ಮಾತ್ರ. ಲಿಫ್ಟು, ಪಂಪು, ಮೇಲಿನ ಟ್ಯಾಂಕು ಎಲ್ಲರವು. ಅದಕ್ಕೆಂದೇ ನಮ್ಮ ರಾಜ್ಯದಲ್ಲಿ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂದಿತು. ಕಳೆದ ತಿಂಗಳು ನನ್ನ ತಂಗಿಯ ಮಗನ ಫ್ಲಾಟಿಗೆ ಹೋಗಿದ್ದೆ. ಆರು ಮನೆಯವರು ನಿರ್ವಹಣೆಯ ಹಣ ಕೊಡದೆ ಲಿಫ್ಟು ನಿಂತಿತ್ತು. ಮೊಣಕಾಲು ಹಿಡಿದುಕೊಂಡು ನಾಲ್ಕು ಮಹಡಿ ಹತ್ತುವಾಗ ಆ ಹಳೆಯ ದೂರು ಪುಸ್ತಕದ ನೆನಪಾಯಿತು. ಸಂಘದ ಕಾರ್ಯದರ್ಶಿಯಾಗಲು ಯಾರೂ ಒಪ್ಪದೆ, ಆ ವರ್ಷ ಚೀಟಿ ಎತ್ತಿ ಆರಿಸಿದರಂತೆ.